ಅನ್ಯರಿಲ್ಲದ ಅನ್ಯೋನ್ಯತೆ

‘ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ’ ಎಂಬ ಗಾದೆ ಪುರಾಣಿಕರಿಗೆ ಮಾತ್ರ ಸಲ್ಲುತ್ತದೆಂದು ನಾವು ಕ್ರೈಸ್ತರು ತಿಳಿದಿದ್ದೇವೆ. ಅದು ನಮಗೂ ಸಲ್ಲುತ್ತದೆಂಬುದು ಈಚೆಗೆ ಒಂದು ಭಾನುವಾರ ನನಗೆ ಮನವರಿಕೆಯಾಯಿತು.

ನಾನು ವಾಸಿಸುವುದು ಆನೇಕಲ್ ತಾಲ್ಲೂಕಿನ ಸರ್ಜಾಪುರದಲ್ಲಿ. ಒಂದು ಕಾಲಕ್ಕೆ ಮಗ್ಗಗಳಿಗೆ ಹೆಸರಾಗಿದ್ದ ಊರು. ಈಗ ಬಹುಮಹಡಿ ವಸತಿಗಳ ನೆರಳಿನಲ್ಲಿದೆ. ನಾನು ಹೋಗುವ ಸಭೆಯ ಹೆಸರು ಇಲ್ಲಿ ಬೇಡ. ಅಲ್ಲಿ ಮೊದಲು ಇದ್ದದ್ದು ಒಂದೇ ಆರಾಧನೆ, ಈಗ ಎರಡು. ಬೆಳಿಗ್ಗೆ ಏಳಕ್ಕೆ ಕನ್ನಡ, ಒಂಬತ್ತೂವರೆಗೆ ಇಂಗ್ಲಿಷ್. ಏಳಕ್ಕೆ ಬರುವವರು ಹಳೆಯ ಊರಿನವರು, ಮನೆಗೆಲಸದ ಹೆಂಗಸರು, ಕಾವಲುಗಾರರು. ಒಂಬತ್ತೂವರೆಗೆ ಬರುವವರಲ್ಲಿ ಅನೇಕರು ಇವರಿಗೆ ಸಂಬಳ ಕೊಡುವವರು.

ಆ ಭಾನುವಾರ ಎರಡು ಆರಾಧನೆಗಳಲ್ಲಿಯೂ ಓದಿದ್ದು ಒಂದೇ ಪಾಠ: ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ. ಆದಿಸಭೆಯವರು ಬೋಧನೆಯಲ್ಲಿಯೂ ಅನ್ಯೋನ್ಯತೆಯಲ್ಲಿಯೂ ರೊಟ್ಟಿ ಮುರಿಯುವುದರಲ್ಲಿಯೂ ಹೇಗೆ ನೆಲೆಯಾಗಿದ್ದರೆಂಬ ಭಾಗ ಅದು. ಇಂಗ್ಲಿಷ್ ಆರಾಧನೆಯ ನಂತರ ಹೊರಗೆ ಚಹದ ಮೇಜು. ಯಾರಿಗಾಗಿಯೋ ಕಾದು ನಿಂತಿದ್ದ, ಏಳರ ಆರಾಧನೆಯ ಮುದುಕಿಯೊಬ್ಬರು ಒಂದು ಲೋಟ ಎತ್ತಿಕೊಂಡರು. ‘ಅಮ್ಮಾ, ಇದು ಎರಡನೆಯ ಆರಾಧನೆಯವರಿಗೆ’ ಎಂದಿತು ಒಂದು ದನಿ, ಬಹಳ ಮೃದುವಾಗಿ. ಆಕೆ ಲೋಟವನ್ನು ಇದ್ದಲ್ಲಿಯೇ ಇಟ್ಟರು. ಎರಡೂ ಆರಾಧನೆಗಳಿಗೆ ಕುಳಿತಿದ್ದ ನನ್ನ ಕೈಯಲ್ಲಿಯೂ ಒಂದು ಲೋಟವಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಂದು ಆಡದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಹಿರಿಯರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಪಂಚಾಶತ್ತಮ ದಿನದಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಲಿಲ್ಲವೆ?’ ಕೇಳಿದರು, ನಿಜ. ಆದರೆ ಕೇಳಿದ್ದು ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ. ಭಾಷೆಗೊಂದು ಗಂಟೆಯನ್ನು ಪೇತ್ರನು ಗೊತ್ತುಮಾಡಲಿಲ್ಲ.

ಈ ಮಹನೀಯರು ಇನ್ನು ನಾಲ್ಕು ಅಧ್ಯಾಯ ಮುಂದೆ ಓದಬೇಕು. ಆರನೆಯ ಅಧ್ಯಾಯದಲ್ಲಿ ಆದಿಸಭೆಯೊಳಗೆ ಗುಣುಗುಟ್ಟುವಿಕೆ ಹುಟ್ಟುತ್ತದೆ. ಅದರ ಕಾರಣವನ್ನು ಗಮನಿಸಿರಿ: ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಿನವರ ವಿಧವೆಯರನ್ನು ಕಡೆಗಣಿಸಲಾಗಿತ್ತು. ಮುದುಕಿ, ಭಾಷೆ, ಬಡಿಸುವ ಮೇಜು—ಮೂರೂ ಅಲ್ಲಿವೆ! ಅಪೊಸ್ತಲರು ಏನು ಮಾಡಿದರು? ಸಭೆಯನ್ನು ಎರಡು ಮಾಡಲಿಲ್ಲ. ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿ, ಬಡಿಸುವ ಹೊಣೆಯನ್ನು ಅವರಿಗೆ ಒಪ್ಪಿಸಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಎಂದರೆ, ಯಾರಿಗೆ ಬಡಿಸಿರಲಿಲ್ಲವೋ ಅವರ ಕೈಗೇ ಸೌಟನ್ನು ಕೊಟ್ಟರು. ನಮ್ಮ ಸಮಿತಿಯಲ್ಲಿ ಏಳರ ಆರಾಧನೆಯವರು ಎಷ್ಟು ಮಂದಿ ಇದ್ದಾರೆ?

ವೇದವಾಕ್ಯದ ಮೇಲೆ ನಮಗಿರುವ ಭಕ್ತಿಯೇನೋ ದೊಡ್ಡದು. ಆ ವೇದ ನಮ್ಮ ಕೈಗೆ ಬಂದದ್ದು ಹೇಗೆಂಬುದನ್ನು ಮಾತ್ರ ಮರೆತಿದ್ದೇವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. ವಿಲಿಯಂ ರೀವ್ ಅವರ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. 1853ರಲ್ಲಿ ಬಂದ ಕಿಟ್ಟೆಲರು ಕನ್ನಡ ಪಂಡಿತರ ನೆರವು ಪಡೆದು ದುಡಿದದ್ದರ ಫಲ 1894ರ ನಿಘಂಟು. ಅವರೆಲ್ಲ ಸಮುದ್ರ ದಾಟಿ ಬಂದು ನಮ್ಮ ಮಾತು ಕಲಿತರು. ನಮ್ಮ ಸಹೋದರರು ಸರ್ಜಾಪುರದಲ್ಲಿ ಹತ್ತು ವರ್ಷ ಇದ್ದು ಕಲಿತ ಕನ್ನಡ, ಕೆಲಸದವಳಿಗೆ ಅಪ್ಪಣೆ ಕೊಡಲು ಸಾಕಾಗುವಷ್ಟು ಮಾತ್ರ. ಆಕೆಯೊಡನೆ ಪ್ರಾರ್ಥಿಸಲು ಸಾಲದು.

ಕನ್ನಡಾಭಿಮಾನಿಗಳು ಇಷ್ಟಕ್ಕೆ ಹಿಗ್ಗಬೇಕಾಗಿಲ್ಲ. ಗಡಿ ಹತ್ತಿರವಿರುವ ಈ ಊರಿಗೆ ತಮಿಳಿನವರು, ತೆಲುಗಿನವರು ಬರುತ್ತಲೇ ಇದ್ದಾರೆ. ಅವರು ಏಳರ ಆರಾಧನೆಗೆ ಬಂದಾಗ ನಾವು ಬೆಂಚಿನಲ್ಲಿ ಎಷ್ಟು ಸರಿದು ಕುಳಿತೆವು? ಒಂಬತ್ತೂವರೆಯವರು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದ್ದೇವೆ.

ನಾನು ಕನ್ನಡ ಪಾಠ ಹೇಳುವವನು. ಪದ ಬಿಡಿಸುವುದು ನನ್ನ ಹೊಟ್ಟೆಪಾಡು. ‘ಅನ್ಯೋನ್ಯ’ದಲ್ಲಿ ‘ಅನ್ಯ’ ಎರಡು ಸಲ ಬರುತ್ತದೆ. ಅನ್ಯರಿಲ್ಲದೆ ಅನ್ಯೋನ್ಯತೆಯಿಲ್ಲ. ತನ್ನ ಭಾಷೆಯ, ತನ್ನ ವರಮಾನದ ಜನರೊಡನೆ ಚಹ ಕುಡಿಯುವುದಕ್ಕೆ ಸಭೆಯೇಕೆ? ಅದಕ್ಕೆ ಕ್ಲಬ್ಬುಗಳಿವೆ. ಅನುಭಾವವೂ ದಾಸೋಹವೂ ಒಂದನ್ನೊಂದು ಬಿಟ್ಟು ನಿಲ್ಲಲಾರವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಬಾಳಿ ತೋರಿಸಿದ ನಾಡು ಇದು. ಇಲ್ಲಿ ಹುಟ್ಟಿದ ಕ್ರೈಸ್ತರಿಗೆ ಈ ಪಾಠ ಹೊಸದಾಗಬಾರದು.

ನನ್ನ ಬೇಡಿಕೆ ದೊಡ್ಡದಲ್ಲ. ತಿಂಗಳಿಗೊಂದು ಭಾನುವಾರ ಒಂದೇ ಆರಾಧನೆ ನಡೆಯಲಿ. ಪಾಠವನ್ನು ಎರಡೂ ಭಾಷೆಗಳಲ್ಲಿ ಓದಲಿ. ಅರ್ಥವಾಗದ ಕಾಲುಗಂಟೆಯನ್ನು ಇಬ್ಬರೂ ಸಹಿಸಲಿ. ಆಮೇಲೆ ಒಂದೇ ಮೇಜು ಹಾಕಲಿ, ಬಡಿಸುವ ಕೆಲಸ ಸಂಬಳ ಕೊಡುವವರದಾಗಲಿ. ಅಷ್ಟೂ ಆಗದಿದ್ದರೆ, ಎರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುವುದನ್ನಾದರೂ ನಿಲ್ಲಿಸೋಣ. ಲೋಟ ಕೆಳಗಿಟ್ಟ ಆ ಮುದುಕಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.