ಗುಮಾಸ್ತನ ಬಿಡುವು: ಬಾಗಿಲು ಹಿಡಿಯುವ ಆಳು

ಈ ಸಲ ವಾಚಕರ ಮುಂದಿಡುತ್ತಿರುವುದು ಗೇಣುದ್ದದ ಒಂದು ಕಬ್ಬಿಣದ ಪಟ್ಟಿಯ ಕಥೆ.

ಮಾವನವರು ನಿವೃತ್ತರಾಗಿ ಊರಿಗೆ ಹೊರಟಾಗ ತಮ್ಮ ಪ್ರೀಮಿಯರ್ ಪದ್ಮಿನಿಯನ್ನು ನನಗೆ ಒಪ್ಪಿಸಿ ಹೋದರು. ಕಾರು ನಮ್ಮ ಮುಂಬಯಿಯ ಕುರ್ಲಾದಲ್ಲೇ ಹುಟ್ಟಿದ್ದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದದ್ದೇ ಮುಂದೆ ಪದ್ಮಿನಿಯಾಯಿತು. 2001ರ ಹೊತ್ತಿಗೆ ತಯಾರಿಕೆ ನಿಂತಿತ್ತು. 2023ರ ಅಕ್ಟೋಬರ್ 30ರಿಂದ ಇಲ್ಲಿನ ಟ್ಯಾಕ್ಸಿಗಳ ಸಾಲಿನಿಂದಲೂ ಮರೆಯಾಯಿತು. ಬಿಡಿಭಾಗ ಬೇಕೆಂದರೆ ಗುಜರಿಯೇ ಗತಿ.

ಒಂದು ಭಾನುವಾರ ಇಳಿಜಾರಿನಲ್ಲಿ ಕಾರು ನಿಲ್ಲಿಸಿದ್ದೆ. ಅಮ್ಮ ಇಳಿಯುತ್ತಿದ್ದಂತೆ ಬಾಗಿಲು ತಾನಾಗಿ ಮುಚ್ಚಿಕೊಂಡು ಅವರ ಮೊಣಕಾಲಿಗೆ ಬಡಿಯಿತು. ಬೆರಳು ಸಿಕ್ಕಿದ್ದರೆ ಗತಿಯೇನು? ಅಮ್ಮ ಕಾಲು ನೀವಿಕೊಳ್ಳುತ್ತ, "ಬಾಗಿಲು ಹಿಡಿಯೋಕೆ ಒಬ್ಬ ಆಳನ್ನಾದರೂ ಇಡಪ್ಪ" ಎಂದರು.

ಆ ಆಳೇ ಡೋರ್ ಚೆಕ್. ಪಟ್ಟಿಯ ಒಂದು ತುದಿ ಕಾರಿನ ಕಂಬಕ್ಕೆ ಪಿನ್ನಿನಿಂದ ಸೇರಿರುತ್ತದೆ; ಇನ್ನೊಂದು ಬಾಗಿಲಿನ ಹೊಟ್ಟೆಯೊಳಗೆ ಓಡಾಡುತ್ತದೆ. ಅಲ್ಲಿನ ಸ್ಪ್ರಿಂಗು ಬಾಗಿಲನ್ನು ತೆರೆದಲ್ಲೇ ನಿಲ್ಲಿಸುತ್ತದೆ. ಪಟ್ಟಿಯ ಕೊನೆಯ ಗಂಟು ಅದು ಮಡ್‌ಗಾರ್ಡಿಗೆ ಬಡಿಯದಂತೆ ತಡೆಯುತ್ತದೆ. ನಮ್ಮದರಲ್ಲಿ ಸ್ಪ್ರಿಂಗು ಸತ್ತಿತ್ತು, ಗಂಟು ಸವೆದಿತ್ತು.

ಮೆಕ್ಯಾನಿಕ್ ಒಬ್ಬರು ಹೊಸ ಕಾಲದ ದೊಡ್ಡ ಕಾರಿನದೊಂದನ್ನು ತಂದು ಕೂರಿಸಿದರು. ಬಾಗಿಲು ಸೈನಿಕನಂತೆ ನಿಂತಿತು. ನಾನೂ ಹಿಗ್ಗಿದೆ. ತಿಂಗಳೊಳಗೆ ಕಂಬದ ತಗಡಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಬಿಗಿ ಸ್ಪ್ರಿಂಗಿನ ಎಳೆತವನ್ನು ಮುದಿ ತಗಡು ತಾಳಲಿಲ್ಲ. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಎರಡನೆಯ ಸಲ ನಾನೇ ಅಳತೆಗೆ ಕುಳಿತೆ. ಮದುವೆಯ ಕರೆಯೋಲೆಯ ರಟ್ಟಿನಲ್ಲಿ ಪಟ್ಟಿಯ ಮಾದರಿ ಕತ್ತರಿಸಿದೆ. ಬಾಗಿಲಿನ ಅಂಚಿಗೂ ಮಡ್‌ಗಾರ್ಡಿಗೂ ಬೆರಳಷ್ಟು ಸಂದು ಉಳಿಯುವಲ್ಲಿ ಗುರುತು ಹಾಕಿದೆ. ಪಟ್ಟಿ ಅಲ್ಲಿಗೇ ನಿಲ್ಲಬೇಕು. ಪಿನ್ನಿನಿಂದ ಗಂಟಿನವರೆಗಿನ ಉದ್ದ, ಪಟ್ಟಿಯ ದಪ್ಪ, ಬೋಲ್ಟುಗಳ ಅಂತರ, ಕೀಲಿನಿಂದ ಪಿನ್ನಿಗಿರುವ ದೂರ, ಇಷ್ಟನ್ನೂ ಬರೆದುಕೊಂಡು ಕುರ್ಲಾದ ಗುಜರಿ ಅಂಗಡಿಗಳನ್ನು ಸುತ್ತಿದೆ. "ಫಿಯೆಟ್‌ದೇ" ಎಂಬ ಮಾತೊಂದನ್ನೇ ನಂಬಬಾರದು. 1954ರಲ್ಲಿ ಇಲ್ಲಿಗೆ ಬಂದ ಹಳೆಯ 1100ರ ಮುಂಬಾಗಿಲಿನ ಕೀಲು ಹಿಂಬದಿಗಿತ್ತು, ಡಿಲೈಟಿನದು ಮುಂಬದಿಗೆ.

ಕೊನೆಗೆ ಸಣ್ಣ ಕಾರೊಂದರ ಹಗುರವಾದ ಪಟ್ಟಿ ಸಿಕ್ಕಿತು. ಬೋಲ್ಟಿನ ತೂತುಗಳು ಮಾತ್ರ ಹೊಂದಲಿಲ್ಲ. ಕಂಬಕ್ಕೆ ಹೊಸ ತೂತು ಕೊರೆಯಲು ಮನಸ್ಸಾಗದೆ ನಡುವೆ ಒಂದು ಉಕ್ಕಿನ ತುಂಡು ಮಾಡಿಸಿ ತೂತುಗಳನ್ನು ಅದರಲ್ಲೇ ಕೊರೆಸಿದೆ. ನಾಳೆ ಅಸಲು ಭಾಗ ಸಿಕ್ಕರೆ ಇದನ್ನು ಬಿಚ್ಚಿಡಬಹುದು. ಪಟ್ಟಿಗೆ ಬೆಸುಗೆ ಹಾಕಿಸಲಿಲ್ಲ. ಕಾದರೆ ಅದರ ಗಡಸುತನ ಹೋದೀತು. ಬಿರುಕಿನ ಕೊನೆಯಲ್ಲಿ ಸಣ್ಣ ತೂತು ಕೊರೆದು, ಹಿಂದಿನಿಂದ ತಗಡು ಕೊಟ್ಟು ಬಿಗಿಸಿದ್ದಾಯಿತು. ಕಿಟಕಿಯ ಗಾಜು ಪೂರ್ತಿ ಇಳಿಸಿ ಬಾಗಿಲನ್ನು ಮೆಲ್ಲಗೆ ಮುಚ್ಚಿ ನೋಡಿದೆ: ಪಟ್ಟಿ ಗಾಜಿಗೆ ತಾಗಲಿಲ್ಲ. ಈ ಪರೀಕ್ಷೆಯನ್ನು ಮಾತ್ರ ಯಾರೂ ಮರೆಯಬಾರದು.

ಮುಂದಿನ ಭಾನುವಾರ ಅದೇ ಇಳಿಜಾರಿನಲ್ಲಿ ನಿಲ್ಲಿಸಿದೆ. ಬಾಗಿಲು ಕದಲಲಿಲ್ಲ. ಅಮ್ಮ ಮಾತ್ರ ಇಳಿಯುವ ಮುನ್ನ ನನ್ನತ್ತ ತಿರುಗಿ, "ಇವತ್ತಿಗೆ ನೀನೂ ಒಂದು ಕೈ ಹಿಡಿದುಕೋ" ಎಂದರು. ಹಿಡಿದುಕೊಂಡೆ.