ಊರ್‌ನ ಗೋಪುರಕ್ಕೆ ಉಪ್ಪಿನ ಮುತ್ತಿಗೆ

ದಕ್ಷಿಣ ಇರಾಕಿನ ನಾಸಿರಿಯಾ ಪಟ್ಟಣದಾಚೆಯ ಬಯಲಿನಲ್ಲಿರುವ ಊರ್ ಜಿಗ್ಗುರಾಟ್‌ಗೆ ನಾಲ್ಕು ಸಾವಿರ ವರ್ಷ ತುಂಬಿದೆ. ದೊರೆ ಊರ್-ನಮ್ಮು ಚಂದ್ರದೇವನಿಗಾಗಿ ಕಟ್ಟಿಸತೊಡಗಿ, ಮಗ ಶುಲ್ಗಿ ಪೂರ್ತಿಗೊಳಿಸಿದ ಮೆಟ್ಟಿಲು ಗೋಪುರ ಅದು. ಅದರ ಉತ್ತರದ ಮೈಯನ್ನು ಈಗ ಮರಳುಗಾಳಿ ಸವೆಸುತ್ತಿದೆ. ಪಕ್ಕದ ರಾಜಸಮಾಧಿಗಳ ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಪದರಗಟ್ಟಿದೆ. ವಯಸ್ಸಾಯಿತು, ಬೀಳುತ್ತಿದೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಆರೈಕೆ ತಪ್ಪಿದ್ದರಿಂದ ಅದು ಬೀಳುತ್ತಿದೆ.

ಕಟ್ಟಿದವರಿಗೆ ಮಣ್ಣಿನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಒಳಗೆ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ, ಹೊರಗೆ ಎರಡೂವರೆ ಮೀಟರಿನಷ್ಟು ದಪ್ಪಕ್ಕೆ ಡಾಂಬರಿನಲ್ಲಿ ಕೂರಿಸಿದ ಸುಟ್ಟ ಇಟ್ಟಿಗೆಯ ಕವಚ. ಒಳಗಿನ ತೇವ ಹೊರಬರಲೆಂದು ಕವಚದುದ್ದಕ್ಕೂ ಕಿಂಡಿಗಳು. ಇಷ್ಟೆಲ್ಲ ಮಾಡಿದರೂ ಮಣ್ಣಿನ ಕಟ್ಟಡಕ್ಕೆ ತಲೆಮಾರಿಗೊಮ್ಮೆ ರಿಪೇರಿ ಬೇಕೇ ಬೇಕು. ಕ್ರಿ.ಪೂ. 6ನೇ ಶತಮಾನದಲ್ಲಿ ಬ್ಯಾಬಿಲೋನಿನ ದೊರೆ ನಬೊನಿಡಸ್ ಇದೇ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದಾಗಲೇ ಅದಕ್ಕೆ ಸಾವಿರದೈನೂರು ವರ್ಷವಾಗಿತ್ತು. 1922ರಿಂದ 1934ರವರೆಗೆ ಬ್ರಿಟಿಷ್ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಇಲ್ಲಿ ಅಗೆಸಿದರು. 1980ರ ದಶಕದಲ್ಲಿ ಸದ್ದಾಂ ಸರ್ಕಾರ ಕೆಳಹಂತದ ಗೋಡೆ, ಮೆಟ್ಟಿಲುಗಳನ್ನು ಮತ್ತೆ ಕಟ್ಟಿಸಿತು. ಆಮೇಲೆ ಬಂದದ್ದು ಯುದ್ಧ.

ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಸವಳು ಎಂದರೇನೆಂದು ವಿವರಿಸಬೇಕಿಲ್ಲ. ನೆಲದಡಿಯ ನೀರು ಮೇಲೇರಿ, ಬಿಸಿಲಿಗೆ ಆರಿ, ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಊರ್‌ನಲ್ಲಿ ಆಗುತ್ತಿರುವುದೂ ಅದೇ, ಹೊಲದ ಬದಲು ಗೋಡೆಯಲ್ಲಿ. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ. ಇಟ್ಟಿಗೆಯ ಮೈ ಪುಡಿಪುಡಿಯಾಗಿ ಉದುರುತ್ತದೆ. ಟರ್ಕಿ, ಸಿರಿಯಾಗಳ ಅಣೆಕಟ್ಟೆಗಳನ್ನು ದಾಟಿ ಬರುವ ಯೂಫ್ರಟಿಸ್ ಸೊರಗಿದೆ, ಇರುವ ನೀರೂ ಉಪ್ಪಾಗುತ್ತಿದೆ. ಮಳೆ ಕೈಕೊಡುತ್ತಿದೆ, ಸೆಕೆ ಏರುತ್ತಿದೆ. ಬಾಂಬು ಬಿದ್ದರೆ ಜಗತ್ತಿನ ಟಿ.ವಿ.ಗಳೆಲ್ಲ ಓಡಿಬರುತ್ತವೆ, ಉಪ್ಪು ತಿಂದರೆ ಯಾರೂ ಬರುವುದಿಲ್ಲ.

ಬಾಗ್ದಾದಿನ ಪಶ್ಚಿಮಕ್ಕಿರುವ ಅಕರ್ ಕುಫ್‌ನ ಸ್ಥಿತಿ ಇನ್ನೂ ಕೆಟ್ಟದ್ದು. ಕಸೈಟ್ ದೊರೆ ಕುರಿಗಲ್ಜು ಕ್ರಿ.ಪೂ. 14ನೇ ಶತಮಾನದಲ್ಲಿ ಕಟ್ಟಿಸಿದ ಈ ಜಿಗ್ಗುರಾಟ್‌ನ ಕವಚ ಎಂದೋ ಹೋಯಿತು. ಐವತ್ತು ಮೀಟರಿಗೂ ಎತ್ತರದ ಹಸಿ ಇಟ್ಟಿಗೆಯ ಒಡಲು ಗಾಳಿಮಳೆಗೆ ಮೈಯೊಡ್ಡಿ ನಿಂತಿದೆ. ಕೆಲವು ವರಸೆಗೊಮ್ಮೆ ಹಾಸಿದ ಜೊಂಡಿನ ಚಾಪೆಗಳ ಅಂಚು, ಗೋಡೆಯನ್ನು ಬಿಗಿಹಿಡಿದ ಜೊಂಡಿನ ಹುರಿಹಗ್ಗ ಇವತ್ತಿಗೂ ಬರಿಗಣ್ಣಿಗೆ ಕಾಣುತ್ತವೆ. ಯಾರೋ ಕೂತು ಹೊಸೆದ ಹಗ್ಗ ಮೂರು ಸಾವಿರದ ನಾನೂರು ವರ್ಷ ಬಾಳಿದೆ. 2003ರ ನಂತರದ ಅರಾಜಕತೆಯಲ್ಲಿ ಆವರಣದ ಕಟ್ಟಡಗಳು ಲೂಟಿಯಾದವು. ಬುಡದ ಇಟ್ಟಿಗೆಯೂ ಉದುರುತ್ತಲೇ ಇದೆ.

ಸೇನೆಗಳ ಪಾಲೂ ಸಣ್ಣದಲ್ಲ. 1991ರ ಯುದ್ಧದಲ್ಲಿ ಊರ್ ಗೋಪುರಕ್ಕೆ ಗುಂಡೇಟು ಬಿತ್ತು. 2003ರಲ್ಲಿ ಬ್ಯಾಬಿಲೋನಿನೊಳಗೇ ಅಮೆರಿಕ ಮತ್ತು ಮಿತ್ರ ಸೇನೆಗಳ ಶಿಬಿರ ಬೀಡುಬಿಟ್ಟಿತು. ಪ್ರಾಚೀನ ಅವಶೇಷ ತುಂಬಿದ ಮಣ್ಣನ್ನೇ ಬಾಚಿ ಮರಳುಚೀಲಕ್ಕೆ ತುಂಬಿಸಿದರು. ಉತ್ತರ ಇರಾಕಿನ ಪ್ರಾಚೀನ ನಗರ ನಿಮ್ರೂದ್‌ನ ಜಿಗ್ಗುರಾಟನ್ನು 2016ರಲ್ಲಿ ಐಎಸ್ ಉಗ್ರರು ಬುಲ್ಡೋಜರ್ ಹೊಡೆದು ನೆಲಸಮ ಮಾಡಿದರು. ಅದರ ಉತ್ಖನನ ಪೂರ್ತಿ ನಡೆದೇ ಇರಲಿಲ್ಲ. ಒಳಗೇನಿತ್ತೆಂದು ಇನ್ನು ತಿಳಿಯುವ ದಾರಿಯಿಲ್ಲ.

ಈಗ ಅಸ್ಸೂರಿನ ಸರದಿ. ಟೈಗ್ರಿಸ್ ದಡದ ಈ ಪ್ರಾಚೀನ ಅಸ್ಸೀರಿಯಾದ ರಾಜಧಾನಿ, ಅದರ ಜಿಗ್ಗುರಾಟ್ ಸಹಿತ, 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದಿನವೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಕಾರಣ, ಕೆಳಹರಿವಿನಲ್ಲಿ ಉದ್ದೇಶಿಸಿದ್ದ ಮಖೂಲ್ ಅಣೆಕಟ್ಟು. ಕೈಬಿಟ್ಟಿದ್ದ ಯೋಜನೆಯನ್ನು ಇರಾಕ್ 2021ರಲ್ಲಿ ಮತ್ತೆ ಕೈಗೆತ್ತಿಕೊಂಡಿತು. ನೀರಿಗೆ ಪರದಾಡುವ ದೇಶಕ್ಕೆ ನೀರು ಸಂಗ್ರಹಿಸಬೇಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ, ನಿಜ. ಆದರೆ ಹಸಿ ಇಟ್ಟಿಗೆಯ ನಗರದ ಬುಡಕ್ಕೆ ಜಲಾಶಯದ ಹಿನ್ನೀರು ತಂದರೆ ಅದು ಮುಳುಗಲೇಬೇಕೆಂದಿಲ್ಲ. ತೇವ ಏರಿದರೂ ಸಾಕು, ಕರಗುತ್ತದೆ.

ದೂರದ ಇರಾಕಿನ ಇಟ್ಟಿಗೆ ನಮಗೇಕೆ ಎನ್ನುವವರು ಊರ್‌ನ ರಾಜಸಮಾಧಿಗಳಲ್ಲಿ ಸಿಕ್ಕ ಕಾರ್ನೀಲಿಯನ್ ಮಣಿಗಳನ್ನು ನೆನೆಯಲಿ. ಅವುಗಳಲ್ಲಿ ಹಲವು ಸಿಂಧೂ ನಾಗರಿಕತೆಯ ಕುಶಲಕರ್ಮಿಗಳ ಕೈಯವು. ಆ ಪಟ್ಟಣ ಹಾಳಾದರೆ ನಮ್ಮ ವ್ಯಾಪಾರಿಗಳ ಮೊದಲ ಲೆಕ್ಕಪುಸ್ತಕದ ಪುಟವೂ ಹರಿಯುತ್ತದೆ.

ಆಗಬೇಕಾದದ್ದು ಕಷ್ಟದ್ದೇನಲ್ಲ. ತಾಣದ ಸುತ್ತ ಬಸಿಗಾಲುವೆ, ಹಸಿ ಇಟ್ಟಿಗೆ ಮಾಡಬಲ್ಲವರ ಖಾಯಂ ದುರಸ್ತಿ ತಂಡ, ವರ್ಷವಿಡೀ ಅದಕ್ಕೆ ಸಂಬಳ. ಸಿಮೆಂಟು ಬಳಿದು ಹೋಗುವ ತೇಪೆ ಬೇಡ. ಅದು ಒಳಗಿನ ತೇವವನ್ನು ಒಳಗೇ ಕೂಡಿಹಾಕುತ್ತದೆ. ತೈಲದ ಹಣದಲ್ಲಿ ಇದಕ್ಕೊಂದು ಪಾಲನ್ನು ಇರಾಕ್ ಸರ್ಕಾರ ಕಾಯ್ದೆ ಮಾಡಿಯೇ ಮೀಸಲಿಡಬೇಕು. ಬ್ಯಾಬಿಲೋನಿನಲ್ಲಿ ಬೂಟು ಕಟ್ಟಿ ನಡೆದ ದೇಶಗಳು ತಮ್ಮ ಪಾಲು ತೆರಬೇಕು. ಅಸ್ಸೂರಿನ ಗೋಡೆಗೆ ತೇವ ತಾಗುವುದಿಲ್ಲವೆಂದು ಸ್ವತಂತ್ರ ತಜ್ಞರು ಬರೆದುಕೊಡುವವರೆಗೆ ಮಖೂಲ್‌ನಲ್ಲಿ ಒಂದು ಬುಟ್ಟಿ ಕಾಂಕ್ರೀಟೂ ಬೀಳಕೂಡದು.