ಎಂಜಿನ್ನಿನ ಕಾರ್ಬನ್ ಮತ್ತು ವರ್ತಕನ ಲೆಕ್ಕಪುಸ್ತಕ

ಮೈಲೇಜನ್ನೇ ಪ್ರಧಾನವಾಗಿ ನೋಡಿ ಕಾರು ಕೊಳ್ಳುವ ವರ್ತಕರು, ಅದರ ಬೆನ್ನಿಗೇ ಬರುವ ನಿರ್ವಹಣಾ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯುವುದು ವಿರಳ. 1996ರಲ್ಲಿ ಜಪಾನಿನ ಮಿತ್ಸುಬಿಷಿ ಗ್ಯಾಲಂಟ್ ಕಾರಿನೊಡನೆ ಸಾಮೂಹಿಕ ಉತ್ಪಾದನೆಗೆ ಬಂದ ಆಧುನಿಕ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್ ಇದಕ್ಕೆ ತಕ್ಕ ನಿದರ್ಶನ.

ಹಿಂದಿನ ಪದ್ಧತಿಯಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವಿನ ಹಿಂಬದಿಗೆ ಸಿಂಪಡಣೆಯಾಗಿ ಅದನ್ನು ತೊಳೆಯುತ್ತಿತ್ತು. ಹೊಸ ಪದ್ಧತಿಯಲ್ಲಿ ಇಂಧನವು ನೇರವಾಗಿ ಸಿಲಿಂಡರನ್ನು ಸೇರುವುದರಿಂದ, ಕ್ರ್ಯಾಂಕ್‌ಕೇಸಿನಿಂದ ಮರಳುವ ಆಯಿಲ್ ಆವಿಯು ಬಿಸಿ ವಾಲ್ವಿನ ಮೇಲೆ ಕಾರ್ಬನ್ನಾಗಿ ಗಟ್ಟಿಯಾಗುತ್ತದೆ. ಪರಿಣಾಮವಾಗಿ ಬೆಳಗಿನ ಸ್ಟಾರ್ಟಿಂಗ್‌ನಲ್ಲಿ ನಡುಕ, ಮಿಸ್ಸಿಂಗ್, ಪಿಕಪ್ ಕೊರತೆ ಕಾಣಿಸಿಕೊಳ್ಳುತ್ತವೆ. ಯಾವ ಮೈಲೇಜಿಗಾಗಿ ಕಾರು ಕೊಂಡರೋ ಅದೂ ಇಳಿಯುತ್ತದೆ.

ಟ್ಯಾಂಕಿಗೆ ಸುರಿಯುವ ಬಾಟಲಿ ದ್ರಾವಣವು ಇಂಜೆಕ್ಟರನ್ನು ಶುಚಿಗೊಳಿಸೀತು; ವಾಲ್ವನ್ನು ತಲುಪದು. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹಾಯಿಸುವುದು ನಂಬತಕ್ಕ ಉಪಾಯ. ಆದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ದೋಷಗಳಿಂದಲೂ ಇವೇ ಲಕ್ಷಣಗಳು ಬರಬಹುದಾದ್ದರಿಂದ, ಕ್ಯಾಮೆರಾ ಮೂಲಕ ವಾಲ್ವನ್ನು ಕಣ್ಣಾರೆ ಕಾಣದೆ ಈ ವೆಚ್ಚಕ್ಕೆ ಒಪ್ಪುವುದು ವಿವೇಕವಲ್ಲ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸಾಮಾನ್ಯ ವರ್ತಕನು ಸ್ವಂತ ಬಳಕೆಗೆ ಇಟ್ಟುಕೊಂಡ ಕಾರಿನ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಬಿಲ್ಲಿನ ತೆರಿಗೆಯೂ ಅವನ ಪಾಲಿಗೆ ವೆಚ್ಚವೇ.

ಆದಕಾರಣ, ತಯಾರಕರು ಸೂಚಿಸಿದ ದರ್ಜೆಯ ಆಯಿಲನ್ನು ಅವಧಿಗೆ ಸರಿಯಾಗಿ ಬದಲಿಸುವುದು, ಮನೆ–ಅಂಗಡಿಗಳ ನಡುವಿನ ಅಲ್ಪದೂರದ ಓಟಕ್ಕಷ್ಟೇ ಕಾರನ್ನು ಸೀಮಿತಗೊಳಿಸದಿರುವುದು, ಶುಚಿಕಾರ್ಯಕ್ಕೆಂದು ಪ್ರತಿವರ್ಷ ಒಂದಿಷ್ಟು ಹಣ ತೆಗೆದಿರಿಸುವುದು ಲೇಸು. ಕಾರು ಕೊಳ್ಳುವ ಮುನ್ನವೇ ಈ ಬಾಬನ್ನು ಉಳಿತಾಯದ ಅಂದಾಜಿನಿಂದ ಕಳೆದು ನೋಡಿದವನಿಗೆ ನಿಜವಾದ ಲಾಭ ಎಷ್ಟೆಂಬುದು ತಿಳಿಯುತ್ತದೆ.